ದೊಡ್ಡಮ್ಮ ಕುಡಿದ ಗಣಿಕೆ ರಸ

ಹೆದರಿಕೆಯಾದಾಗ ಕೆಲವರಿಗೆ ಬಾಯಿ ಒಣಗುತ್ತದೆ, ಕೆಲವರಿಗೆ ಕಾಲು ನಡುಗುತ್ತದೆ. ನನಗೆ ಬೇರೆಯವರ ದನಿ ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ನಾನು ಹೆಡ್‌ಮಾಸ್ಟರ ದನಿಯಲ್ಲಿ ಕೆಮ್ಮಿದೆ, ಹಿಂದಿನ ಬೆಂಚಿನವನು ಗಾಬರಿಯಿಂದ ಎದ್ದು ನಿಂತ. ಕುಣಿಗಲ್‌ನ ನಮ್ಮ ಬೀದಿಯಲ್ಲಿ ನಾಯಿಯೊಂದು ಅಟ್ಟಿಸಿಕೊಂಡು ಬಂದಾಗ ಅದರ ಯಜಮಾನನ ದನಿಯಲ್ಲೇ ಗದರಿಸಿದೆ. ನಾಯಿ ನಂಬಲಿಲ್ಲ. ಮೊಣಕಾಲಿನ ಹಿಂದೆ ಅದರ ಅಭಿಪ್ರಾಯ ಈಗಲೂ ನಾಲ್ಕು ಚುಕ್ಕೆಯಾಗಿ ಉಳಿದಿದೆ. ಮನುಷ್ಯರು ಮಾತ್ರ ಸಾಮಾನ್ಯವಾಗಿ ನಂಬುತ್ತಾರೆ.

ತುಮಕೂರಿನಲ್ಲಿ ಎಂ.ಫಾರ್ಮ್‌ಗೆ ಸೇರಿದಾಗ ಮಾತ್ರೆ, ಸಿರಪ್ಪು, ಬಿಳಿ ಕೋಟು ಇಷ್ಟೇ ಇರುತ್ತದೆ ಎಂದುಕೊಂಡಿದ್ದೆ. ಇಲಿ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬೆಳ್ಳಗೆ, ಕೆಂಪು ಕಣ್ಣಿನ, ಅಂಗೈ ತುಂಬುವ ಇಲಿಗಳು. ಮೊದಲ ದಿನ ಒಂದನ್ನು ಕೈಗೆ ಕೊಟ್ಟಾಗ ನಾನು ನಮ್ಮ ಗೈಡ್ ಸಾರ್ ದನಿಯಲ್ಲಿ ಅದಕ್ಕೆ ಪಾಠ ಮಾಡಿದೆ. ಸಾರ್ ಪ್ರತಿ ಮಾತಿಗೂ ಮೊದಲು ‘ಸೋ’ ಹಾಕಿ, ಅದನ್ನು ಖಾಸಗಿ ಬಸ್ಸಿನ ಹಾರ್ನಿನಷ್ಟು ಎಳೆದು, ಕೊನೆಗೆ ‘ತಿಳೀತೇನ್ರಿ’ ಎಂದು ಮೂಗಿನಲ್ಲಿ ನಿಲ್ಲಿಸುತ್ತಾರೆ. ಇಲಿಗೆ ತಿಳಿಯಿತೋ ಇಲ್ಲವೋ, ಲ್ಯಾಬಿನವರೆಲ್ಲ ನಕ್ಕರು. ನನ್ನ ಹೆದರಿಕೆಯನ್ನು ಯಾರೂ ನೋಡಲಿಲ್ಲ. ಮಿಮಿಕ್ರಿಯಿಂದ ಇದ್ದ ಲಾಭವೇ ಅದು.

ನನ್ನ ಕೆಲಸ ಗಣಿಕೆ ಸೊಪ್ಪಿನ ಮೇಲೆ. ನಮ್ಮ ಕಡೆ ರಾಗಿ ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ, ಮೆಣಸಿನಕಾಳಿನಷ್ಟು ಕಪ್ಪು ಹಣ್ಣು ಬಿಡುವ ಸೊಪ್ಪು. ಬಾಯಿ ಹುಣ್ಣಾದರೆ ಮಸ್ಸೊಪ್ಪು ಮಾಡಿ ಮುದ್ದೆ ಜೊತೆ ಉಣ್ಣುತ್ತಾರೆ. ಬಾಯಿಯ ಹುಣ್ಣಿಗೆ ಆಗುವುದು ಹೊಟ್ಟೆಯ ಹುಣ್ಣಿಗೆ ಆಗುತ್ತದೋ ಎಂಬುದು ನನ್ನ ಪ್ರಶ್ನೆ. ಅದರಲ್ಲೂ ನೋವಿನ ಮಾತ್ರೆಯಿಂದ ಆಗುವ ಹುಣ್ಣಿಗೆ. ನಮ್ಮ ಹೊಟ್ಟೆಯೊಳಗಿನ ಆಮ್ಲ ಹೊಟ್ಟೆಯನ್ನೇ ತಿನ್ನದ ಹಾಗೆ ಒಳಗೋಡೆಗೆ ಲೋಳೆಯ ಲೇಪವೊಂದು ಇರುತ್ತದೆ. ದೇಹದಲ್ಲಿ ನೋವು ಎಬ್ಬಿಸುವ ಪದಾರ್ಥವೇ ಆ ಲೇಪವನ್ನೂ ಕಾಯುತ್ತದೆ. ಮಾತ್ರೆ ಹೋಗಿ ಆ ಪದಾರ್ಥವನ್ನು ತಡೆಯುತ್ತದೆ. ನೋವು ಹೋಗುತ್ತದೆ, ಕಾವಲೂ ಹೋಗುತ್ತದೆ.

ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ಗಂಟೆಗಟ್ಟಲೆ ಕುದಿಸಿ ಸಾರ ಇಳಿಸಿದರೆ ಕೊನೆಗೆ ಉಳಿಯುವುದು ಕರಿಹಸಿರು ಅಂಟು, ಹಳೆ ತುಪ್ಪದ ತಳದಲ್ಲಿ ಉಳಿದ ಗಷ್ಟಿನ ಹಾಗೆ. ಅದನ್ನು ತೂಕ ಹಾಕಿ ಕೆಲವು ಇಲಿಗಳಿಗೆ ಕುಡಿಸಿ, ಒಂದು ಗಂಟೆ ಬಿಟ್ಟು ನೋವಿನ ಮಾತ್ರೆ ಕೊಡಬೇಕು. ಕೆಲವಕ್ಕೆ ಬರೀ ಮಾತ್ರೆ. ಆಮೇಲೆ ಎಲ್ಲವನ್ನೂ ಕೊಂದು, ಹೊಟ್ಟೆ ಸೀಳಿ, ತೊಳೆದು, ಹಲಗೆಯ ಮೇಲೆ ಗುಂಡುಸೂಜಿಯಲ್ಲಿ ಹರಡಿ, ಭೂತಗನ್ನಡಿಯಲ್ಲಿ ಕೆಂಪು ಚುಕ್ಕೆ, ಕಪ್ಪು ಗೆರೆಗಳನ್ನು ಎಣಿಸಬೇಕು. ಬರೀ ಮಾತ್ರೆ ತಿಂದ ಇಲಿಯ ಹೊಟ್ಟೆಯನ್ನು ಮೊದಲ ಸಲ ನೋಡಿದಾಗ ನನಗೆ ಯಾರ ದನಿಯೂ ಬರಲಿಲ್ಲ. ಬೆಕ್ಕು ಪರಚಿದ ಮಗುವಿನ ಕೆನ್ನೆಯ ಹಾಗಿತ್ತು.

ಗಣಿಕೆ ಕುಡಿದ ಇಲಿಗಳ ಹೊಟ್ಟೆ ಬಿಚ್ಚಿದ ದಿನ ಬೇರೆ. ತೆಳು ಗುಲಾಬಿ ಬಣ್ಣ, ಅಲ್ಲೊಂದು ಇಲ್ಲೊಂದು ಚುಕ್ಕೆ. ನಾಲ್ಕನೇ ಇಲಿಯದೊಂದು ಮಾತ್ರ ಕೆಟ್ಟಿತ್ತು. ಉದ್ದಕ್ಕೆ ಕಪ್ಪು ಗೆರೆ, ರಕ್ತ ಹೆಪ್ಪುಗಟ್ಟಿತ್ತು. ಅದನ್ನೂ ಬರೆದುಕೊಂಡೆ. ಆದರೆ ಉಳಿದವು ಚೆನ್ನಾಗಿದ್ದವಲ್ಲ, ಆ ಖುಷಿಗೆ ಕ್ಯಾಂಟೀನಿನ ಹಿಂದೆ ನಿಂತು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಸಾರ್ ದನಿಯಲ್ಲಿ ಒಂದು ವಾಯ್ಸ್ ನೋಟ್ ಕಳಿಸಿದೆ.

“ಸೋ... ನಮಸ್ಕಾರ. ನಾನು ನಿಮ್ಮ ಹುಡುಗನ ಪ್ರೊಫೆಸರ್ ಮಾತಾಡ್ತಿರೋದು. ಹುಡುಗ ದಡ್ಡ, ಆದ್ರೆ ಸೊಪ್ಪು ಒಳ್ಳೇದು. ಗಣಿಕೆ ರಸ ಒಂದು ಲೋಟ ಕುಡೀರಿ, ಆಮೇಲೆ ಯಾವ ಮಾತ್ರೆ ಬೇಕಾದ್ರೂ ನುಂಗ್ರಿ. ಹೊಟ್ಟೆ ಬಂಡೆ ಇದ್ದಂಗಿರುತ್ತೆ. ತಿಳೀತೇನ್ರಿ.”

ನಗುವ ಮುಖಗಳು ಸಾಲಾಗಿ ಬಂದವು. ಚಿಕ್ಕಪ್ಪ ‘ಸಾರ್, ಹುಡುಗ ಪಾಸಾಗ್ತಾನಾ’ ಎಂದು ಕೇಳಿದರು. ನಾಲ್ಕನೇ ಇಲಿಯ ವಿಷಯ ನಾನು ಹೇಳಲಿಲ್ಲ. ತಮಾಷೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇದಾದ ಮೂರು ತಿಂಗಳಿಗೆ ನನ್ನ ಅಕ್ಕನ ಸೀಮಂತ ಗೊತ್ತಾಯಿತು, ಕುಣಿಗಲ್‌ನ ನಮ್ಮ ಮನೆಯಲ್ಲಿ. ಅಮ್ಮ ಫೋನ್ ಮಾಡಿ, ಗುಬ್ಬಿಗೆ ಹೋಗಿ ದೊಡ್ಡಮ್ಮನನ್ನು ಕರೆದುಕೊಂಡು ಬಾ ಎಂದಳು. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಅವಳೂ ದೊಡ್ಡಪ್ಪನೂ ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ತಟ್ಟೆ ಇಡ್ಲಿ ಹೋಟೆಲು ನಡೆಸುತ್ತಾರೆ. ದೊಡ್ಡಪ್ಪ ಅಡುಗೆಯ ಉಸ್ತುವಾರಿಗೆಂದು ಎರಡು ದಿನ ಮೊದಲೇ ಕುಣಿಗಲ್‌ಗೆ ಹೋಗಿದ್ದ. ಸೀಮಂತದ ಮುನ್ನಾದಿನ ದೊಡ್ಡಮ್ಮ ಬೆಳಗಿನ ತಿಂಡಿಯ ವ್ಯಾಪಾರ ಮುಗಿಸಿ ಹೊರಡುವುದೆಂದು ಮಾತಾಗಿತ್ತು.

ಮಿಮಿಕ್ರಿ ನನಗೆ ಬಂದದ್ದೇ ದೊಡ್ಡಮ್ಮನಿಂದ. ಚಿಕ್ಕಂದಿನಿಂದ ರಜೆಗೆಲ್ಲ ಅವಳ ಮನೆಗೇ ಹೋಗುತ್ತಿದ್ದೆ, ಪಿಯುಸಿ ಎರಡು ವರ್ಷ ಅಲ್ಲೇ ಇದ್ದು ಓದಿದೆ. ಇಡ್ಲಿ ಹಬೆಯ ಮುಂದೆ ನಿಂತು ಅವಳು ಗಿರಾಕಿಗಳನ್ನೆಲ್ಲ ಆಡಿ ತೋರಿಸುತ್ತಿದ್ದಳು: ಎರಡನೇ ಸಲ ಚಟ್ನಿ ಕೇಳುವ ಮೇಷ್ಟ್ರು, ಮದುವೆಗಳಲ್ಲಿ ಅಳುವ ನಮ್ಮಮ್ಮ, ಇಡ್ಲಿ ಬಿಸಿಯಿಲ್ಲ ಎನ್ನುತ್ತ ಮೂರು ತಿನ್ನುವ ಕಂಡಕ್ಟರು. ನಾನು ಅವಳ ಮುಂದೆ ಬರೀ ಶಿಷ್ಯ.

ನಾನು ಹೋದಾಗ ಹತ್ತು ಗಂಟೆ. ತಿಂಡಿಯ ರಶ್ಶು ಇಳಿದಿತ್ತು. ದೊಡ್ಡಮ್ಮ ಕೂತಿದ್ದಳು. ಅದೇ ಮೊದಲು ನನಗೆ ಕಸಿವಿಸಿಯಾದದ್ದು. ಆ ಹೋಟೆಲಿನಲ್ಲಿ ಅವಳು ಕೂತದ್ದನ್ನು ನಾನು ಕಂಡೇ ಇರಲಿಲ್ಲ.

“ಬಂದ್ಯೇನ್ಲಾ? ಇವತ್ತು ಯಾರ್ ದನೀಲಿ ಉಣ್ತೀಯಾ?”

“ನಿಂದ್ರಲ್ಲೇ ಉಣ್ತೀನಿ ಬುಡು. ಯಾಕ್ ಕೂತಿದೀಯ?”

“ಯಾಕೋ ಆಯಾಸ ಕಣ್ಲಾ. ಮೂರ್ ಮೆಟ್ಲು ಹತ್ತಿದ್ರೆ ಎದೆ ಹೊಡ್ಕೊಳುತ್ತೆ. ವಯಸ್ಸಾಯ್ತಲ್ಲ.”

ತಟ್ಟೆ ಕೊಡಲು ಕೈ ಚಾಚಿದಳು. ಅಂಗೈಯಲ್ಲಿ ಕೆಂಪೇ ಇರಲಿಲ್ಲ. ಹಿಟ್ಟು ಮೆತ್ತಿದೆ ಎಂದುಕೊಂಡು ಬೆರಳಿನಿಂದ ಒರೆಸಿ ನೋಡಿದೆ. ಹಿಟ್ಟಲ್ಲ. ಅವಳ ಅಂಗೈಯೇ ಇಡ್ಲಿಯ ಬಣ್ಣಕ್ಕೆ ತಿರುಗಿತ್ತು.

ಕೈ ತೊಳೆಯಲು ಒಳಗೆ ಹೋದೆ. ಒಲೆಯ ಪಕ್ಕದ ಗೂಡಿನಲ್ಲಿ ಲೀಟರಿನ ಹಳೇ ಜ್ಯೂಸ್ ಬಾಟಲಿ, ಅದರಲ್ಲಿ ಅರ್ಧದವರೆಗೆ ಕರಿಹಸಿರು ರಸ. ಪಕ್ಕದಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಮಾತ್ರೆ ಸ್ಟ್ರಿಪ್ಪುಗಳು. ಹೆಸರು ಓದಿದೆ. ನಮ್ಮ ಲ್ಯಾಬಿನ ಮಾತ್ರೆಯ ಅಣ್ಣತಮ್ಮಂದಿರ ಪೈಕಿಯೇ.

“ಏನ್ ದೊಡ್ಡಮ್ಮ ಇದು?”

“ನಿಮ್ ಮೇಷ್ಟ್ರ ಔಷ್ದಿ ಕಣ್ಲಾ.” ಅವಳು ಕೂತಲ್ಲಿಂದಲೇ ಕತ್ತು ಎತ್ತಿ, ಮೂಗು ಬಿಗಿ ಹಿಡಿದ ಹಾಗೆ ಶುರು ಮಾಡಿದಳು. “ಸೋ... ಹೊಟ್ಟೆ ಬಂಡೆ ಇದ್ದಂಗಿರುತ್ತೆ. ತಿಳೀತೇನ್ರಿ.”

ನಮ್ಮ ಸಾರ್ ಅವರ ನಿಜವಾದ ದನಿಯನ್ನು ಅವಳು ಎಂದೂ ಕೇಳಿದವಳಲ್ಲ. ನಾನು ಮಾಡಿದ್ದರ ನಕಲನ್ನು ಮಾಡಿದಳು, ನನಗಿಂತ ಚೆನ್ನಾಗಿ. ಪಾತ್ರೆ ತೊಳೆಯುತ್ತಿದ್ದ ಹೆಂಗಸು ಕೂಡ ನಕ್ಕಳು. ನಾನು ರಬ್ಬರ್ ಬ್ಯಾಂಡ್ ಬಿಚ್ಚಿ ಸ್ಟ್ರಿಪ್ಪುಗಳನ್ನು ಎಣಿಸಿದೆ.

“ದಿನಾ ಕುಡೀತಿದೀಯಾ?”

“ಮೂರ್ ತಿಂಗ್ಳಾಯ್ತು. ಸೊಪ್ಪಿನೋಳು ತಂದ್ ಹಾಕ್ತಾಳೆ, ಮಿಕ್ಸೀಲಿ ರುಬ್ಬಿ, ಬಟ್ಟೇಲಿ ಸೋಸ್ಕೋತೀನಿ.”

“ಮಾತ್ರೆ ಎಷ್ಟು?”

“ಮಂಡಿ ನೋವಿಗೆ ಮೊದ್ಲು ಅರ್ಧ ನುಂಗಕ್ಕೂ ಹೆದ್ರುತಿದ್ದೆ, ಹೊಟ್ಟೆ ಉರಿಯೋದು. ಈಗ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಮಂಡಿ ಹೂವಿದ್ದಂಗೆ ಐತೆ. ಉರೀನೂ ಇಲ್ಲ, ಏನೂ ಇಲ್ಲ. ಮೆಡಿಕಲ್ಲೋನು ಕೊಟ್ಟಿದ್ದ ಗ್ಯಾಸ್ ಮಾತ್ರೇನೂ ನಿಲ್ಸ್‌ಬುಟ್ಟೆ. ರಸ ಇರ್ವಾಗ ಅದ್ಯಾಕೆ?”

ಉರಿ ಇಲ್ಲ ಎಂದದ್ದೇ ನನ್ನನ್ನು ಹೆಚ್ಚು ಹೆದರಿಸಿತು. ನೋವಿನ ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಎಂದು ಗೊತ್ತಿಲ್ಲ. ಎಲ್ಲ ಕಡೆಯ ನೋವನ್ನೂ ಮುಚ್ಚುತ್ತದೆ. ಒಳಗೆ ಗಾಯವಾದರೂ ಸುದ್ದಿ ಹೊರಗೆ ಬರುವುದಿಲ್ಲ. ಇದನ್ನು ನಾನು ಥೀಸಿಸ್ಸಿನ ಮೊದಲ ಅಧ್ಯಾಯದಲ್ಲಿ ಬಹಳ ಗಂಭೀರವಾಗಿ ಬರೆದಿದ್ದೆ.

ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು. ಸಾಕಿದ ದೊಡ್ಡಮ್ಮನನ್ನು ಅದನ್ನು ಹೇಗೆ ಕೇಳುವುದು? ಹೆದರಿದ್ದೆ, ಹಾಗಾಗಿ ಆಸ್ಪತ್ರೆಯ ದೊಡ್ಡ ಡಾಕ್ಟರೊಬ್ಬರ ದನಿ ತಾನಾಗಿ ಬಂತು. “ಏನಮ್ಮಾ, ಮೋಷನ್ ಯಾವ ಬಣ್ಣಕ್ಕೆ ಹೋಗ್ತಿದೆ?”

“ಲೋ, ನಾಲ್ಕ್ ಜನ ತಿಂಡಿ ತಿನ್ನೋ ಜಾಗ ಇದು.”

“ಹೇಳು ದೊಡ್ಡಮ್ಮ.”

“ಕಪ್ಪಗೆ. ಇನ್ ಹೆಂಗ್ ಹೋಗುತ್ತೆ? ದಿನಾ ಎರಡೊತ್ತು ಮುದ್ದೆ ಉಣ್ಣೋಳು, ಮೇಲ್ ಗಣಿಕೆ ರಸ ಕುಡಿಯೋಳು. ಕೆಂಪ್‌ಗಾಗುತ್ತಾ?”

ಇಲ್ಲಿ ಸ್ವಲ್ಪ ಹೇಳಬೇಕು. ರಾಗಿ ತಿನ್ನುವ ನಮ್ಮ ಕಡೆಯವರಿಗೆ ಆ ಕಪ್ಪು ಹೊಸದಲ್ಲ. ಅನ್ನ ತಿನ್ನುವ ಊರಿನಲ್ಲಿ ಯಾರಾದರೂ ಕಪ್ಪು ಕಂಡರೆ ಬೆಚ್ಚಿ ಡಾಕ್ಟರ ಹತ್ತಿರ ಓಡುತ್ತಾರೆ. ನಾವು ನೀರು ಹಾಕಿ ಎದ್ದು ಬರುತ್ತೇವೆ. ಹುಟ್ಟಿದಾಗಿನಿಂದ ನೋಡಿ ನೋಡಿ, ಅದರಲ್ಲಿ ನೋಡುವುದು ಏನೂ ಇಲ್ಲ ಎಂದು ಕಲಿತಿದ್ದೇವೆ. ಹೊಟ್ಟೆಯಲ್ಲಿ ಸುರಿದ ರಕ್ತ ಜೀರ್ಣವಾಗಿ ಹೊರಗೆ ಬರುವುದೂ ಕಪ್ಪಾಗಿಯೇ.

“ಮುದ್ದೆ ಕಪ್ಪಾ, ಇಲ್ಲ ಬೇರೆ ಥರಾನಾ?” ಡಾಕ್ಟರ ದನಿ ಅಷ್ಟರಲ್ಲಿ ನನ್ನನ್ನು ಬಿಟ್ಟು ಹೋಗಿತ್ತು.

“ಈಗ ವಾರದಿಂದ ಅಂಟಂಟು. ರೋಡಿಗೆ ಹಾಕೋ ಟಾರ್ ಇದ್ದಂಗೆ. ವಾಸ್ನೇನೂ ಬೇರೆ. ಸೊಪ್ಪಿಂದೇನೋ ಅನ್ಕೊಂಡೆ.”

ಆಸ್ಪತ್ರೆಗೆ ಹೋಗೋಣ ಎಂದೆ. ಸೀಮಂತ ಮುಗಿಯಲಿ ಎಂದಳು. ಆಂಬುಲೆನ್ಸ್ ಕರೆಯುತ್ತೇನೆ ಎಂದೆ.

“ಹೋಟ್ಲ್ ಮುಂದೆ ಆಂಬುಲೆನ್ಸ್ ನಿಲ್ಸ್ತೀಯಾ? ನಾಳೆ ಇಲ್ಲಿ ಇಡ್ಲಿ ತಿನ್ನಕ್ಕೆ ಯಾರ್ಲಾ ಬರ್ತಾರೆ? ಅವಳ ಇಡ್ಲಿ ತಿಂದು ಯಾರೋ ಮಲಗ್ಬುಟ್ರು ಅಂತಾರೆ.”

“ಇಲ್ಲೇ ಗುಬ್ಬಿ ಆಸ್ಪತ್ರೆಗಾದ್ರೂ ಬಾ.”

“ಅಲ್ಲಿರೋರೆಲ್ಲ ನಮ್ಮಲ್ಲೇ ತಿಂಡಿ ತಿನ್ನೋದು. ನನ್ ಮೋಷನ್ ಬಣ್ಣ ಅವ್ರಿಗೆ ಹೇಳಿ, ನಾಳೆ ಅವ್ರಿಗೇ ಚಟ್ನಿ ಬಡಿಸ್ಲಾ?”

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೇಷ್ಟ್ರ ಮಾತು ನಂಬಿ ಕುಡಿದವಳು ಮೇಷ್ಟ್ರ ಮಾತು ನಂಬಿ ಬಿಡುತ್ತಾಳೆ ಎಂದುಕೊಂಡು, ಹಿತ್ತಿಲಿಗೆ ಹೋದೆ. ಅವಳ ಹತ್ತಿರವಿಲ್ಲದ ನನ್ನ ಇನ್ನೊಂದು ನಂಬರಿನಿಂದ ಅವಳಿಗೆ ಫೋನ್ ಮಾಡಿದೆ.

“ಸೋ... ಅಮ್ಮಾ, ನಾನು ತುಮಕೂರಿಂದ ಪ್ರೊಫೆಸರ್. ಆ ರಸ ನಿಲ್ಲಿಸ್ಬೇಕು, ಮಾತ್ರೆ ನಿಲ್ಲಿಸ್ಬೇಕು, ಈ ಕ್ಷಣ ಆಸ್ಪತ್ರೆಗೆ...”

“ಸಾರ್,” ಎಂದಳು ದೊಡ್ಡಮ್ಮ, ಬಹಳ ವಿನಯದಿಂದ. “ನಿಮ್ ಕಾಲ್ ಹತ್ರ ಹಸಿ ತೆಂಗಿನ್ ಚಿಪ್ಪು ಬಿದ್ದಿರ್ಬೇಕು ನೋಡಿ. ತುಳ್ದೀರಾ.”

ಹಿತ್ತಿಲ ಬಾಗಿಲಿನಲ್ಲಿ ನಿಂತಿದ್ದಳು, ಚೌಕಟ್ಟು ಹಿಡಿದುಕೊಂಡು, ಫೋನ್ ಕಿವಿಯಲ್ಲೇ. ಹತ್ತು ಹೆಜ್ಜೆ ನಡೆದದ್ದಕ್ಕೆ ಉಸಿರು ಏರಿತ್ತು.

“ಅವತ್ತಿಂದೂ ನಾನೇ ದೊಡ್ಡಮ್ಮ,” ಎಂದೆ. “ವಾಯ್ಸ್ ನೋಟು. ಅದು ಸಾರ್ ಅಲ್ಲ.”

“ಗೊತ್ತಿಲ್ವೇನ್ಲಾ ನಂಗೆ? ನಿಂಗೆ ದನಿ ತಿರ್ಗ್ಸೋದ್ ಕಲ್ಸಿದೋಳು ನಾನು.”

“ಗೊತ್ತಿದ್ದೂ ಕುಡಿದ್ಯಾ?”

“ಯಾವನೋ ಮೇಷ್ಟ್ರು ಹೇಳಿದ್ರೆ ಕುಡೀತಿರ್ಲಿಲ್ಲ. ನಮ್ ಹುಡ್ಗ ಓದಿ, ಇಲಿ ಕೊಂದು, ಕಣ್ಣಾರೆ ನೋಡಿ ಹೇಳ್ದ ಅಂತ ಕುಡ್ದೆ.” ಚೌಕಟ್ಟಿಗೆ ಒರಗಿದಳು. “ನೀನು ನಿಜ ಹೇಳ್ಬೇಕಾದಾಗ್ಲೆಲ್ಲ ಇನ್ನೊಬ್ರ ದನಿ ತಗೋತೀಯ ಕಣ್ಲಾ. ಚಿಕ್ಕೋನಿಂದ ಹಂಗೇ.”

ನನ್ನ ಸುಳ್ಳನ್ನು ನಂಬಿ ಮೋಸಹೋದಳು ಎಂದುಕೊಂಡಿದ್ದಾಗ ಇದ್ದ ಹೆದರಿಕೆ ಒಂದು ಥರ. ನನ್ನನ್ನು ನಂಬಿದಳು ಎಂದು ಗೊತ್ತಾದಾಗ ಬಂದದ್ದು ಬೇರೆಯೇ. ಅದರಿಂದ ಅವಿತುಕೊಳ್ಳಲು ಜಾಗವಿರಲಿಲ್ಲ.

ನಾನು ನನ್ನ ದನಿಯಲ್ಲಿ ಹೇಳಿದೆ. ಆ ದನಿ ಅಷ್ಟು ಸಣ್ಣದು, ಅಷ್ಟು ಒಡಕಲು ಎಂದು ನನಗೆ ಗೊತ್ತಿರಲಿಲ್ಲ. ಇಲಿಗಳಿಗೆ ಕೊಟ್ಟದ್ದು ಒಂದೇ ಸಲ ಎಂದೆ. ತೂಕ ಹಾಕಿದ ಸಾರ, ಮಿಕ್ಸಿಯ ರಸವಲ್ಲ. ಮಾತ್ರೆ ಕೊಟ್ಟ ಕೆಲವು ಗಂಟೆಗೆ ಅವನ್ನು ಕೊಂದು ನೋಡಿದ್ದು. ಮೂರು ತಿಂಗಳು ತಿಂದಿದ್ದರೆ ಏನಾಗುತ್ತಿತ್ತು ಎಂದು ನನಗಾಗಲಿ, ಯಾರಿಗಾಗಲಿ ಗೊತ್ತಿಲ್ಲ. ನಾಲ್ಕನೇ ಇಲಿಯ ವಿಷಯವನ್ನೂ ಹೇಳಿದೆ.

“ಅದೂ ರಸ ಕುಡ್ದಿತ್ತಾ?” ಎಂದು ಕೇಳಿದಳು.

“ಕುಡ್ದಿತ್ತು.”

ದೊಡ್ಡಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪಲಿ ಹುಡುಕಿದಳು. “ತುಮಕೂರು ಕುಣಿಗಲ್ ದಾರೀಲೇ ಐತಲ್ಲ. ಅಲ್ಲಿ ಇಳ್ದು ತೋರ್ಸ್ಕೊಂಡು, ಎರಡು ಗಂಟೆ ಬಸ್ಸಿಗೆ ಹೋಗನ. ನಿಮ್ಮಕ್ಕಂಗೆ ತಂದಿರೋ ಸೀರೆ ಬ್ಯಾಗ್ ಮರೀಬ್ಯಾಡ.”

ಔಷಧಶಾಸ್ತ್ರ ಓದುವವನು ರಕ್ತ ಸುರಿಯುತ್ತಿರುವ ಹೆಂಗಸನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಬರೆದುಕೊಳ್ಳಿ. ಕಾರು ಹುಡುಕುತ್ತ ಹೊತ್ತು ಕಳೆದರೆ ಅವಳ ಮನಸ್ಸು ಬದಲಾದೀತು ಎಂಬ ಭಯ. ಬಸ್ಸು ಎದುರಿಗೇ ನಿಂತಿತ್ತು. ಹತ್ತಿಸಿದೆ.

ಕಿಟಕಿ ಪಕ್ಕ ಕೂತಳು. ಮಡಿಲಲ್ಲಿ ಅಕ್ಕನ ಹಸಿರು ಸೀರೆ, ಬಳೆ, ಹೂವಿನ ಪೊಟ್ಟಣ. ಊರು ದಾಟಿದ ಮೇಲೆ ಅವಳ ಹಣೆಯಲ್ಲಿ ಬೆವರು ಮಣಿ ಕಟ್ಟಿತು. ಕೈ ಮುಟ್ಟಿದರೆ ತಣ್ಣಗಿತ್ತು. ನಾಡಿ ಹಿಡಿದೆ. ಹೊಲಿಗೆ ಮಷೀನಿನ ಹಾಗೆ ಓಡುತ್ತಿತ್ತು. ಅಕ್ಕಪಕ್ಕ ತೆಂಗಿನ ತೋಟಗಳು ನಿಧಾನಕ್ಕೆ ಹಿಂದಕ್ಕೆ ಹೋಗುತ್ತಿದ್ದವು. ಪ್ರತಿ ಸ್ಟಾಪಿನಲ್ಲೂ ಜನ ಹತ್ತುವುದು, ಚಿಲ್ಲರೆ ಇಲ್ಲ ಎನ್ನುವುದು, ಕಂಡಕ್ಟರು ರೇಗುವುದು. ಎದ್ದು ನಿಂತು ಡ್ರೈವರಿಗೆ ಬೇಗ ಓಡಿಸು ಎನ್ನಬೇಕು ಎನಿಸಿತು. ಯಾರ ದನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ.

“ಏನಾದ್ರೂ ಆಡ್ಲಾ,” ಎಂದಳು ಕಣ್ಣು ಮುಚ್ಚಿಕೊಂಡೇ. “ನಿಮ್ಮಮ್ಮ ಅಳೋದ್ ಆಡು.”

“ಬರ್ತಿಲ್ಲ ದೊಡ್ಡಮ್ಮ.”

“ಹಂಗಾದ್ರೆ ನಂಗೇನೋ ಆಗಿದೆ ಅಂತಾಯ್ತು,” ಎಂದು ತಲೆಯನ್ನು ಕಿಟಕಿಗೆ ಒರಗಿಸಿದಳು.

ತುಮಕೂರಿನಲ್ಲಿ ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಅವಳ ಕೈ ನನ್ನ ಭುಜದಿಂದ ಜಾರಿತು. ಕಣ್ಣು ಮೇಲೆ ಸಿಕ್ಕಿಕೊಂಡಿತು. ಅಷ್ಟು ಭಾರದ ಹೆಂಗಸು ಸದ್ದಿಲ್ಲದೆ ಕೆಳಗೆ ಕೂತಳು, ಆಮೇಲೆ ಮಲಗಿದಳು. ಜನ ಸೇರಿದರು. ಈರುಳ್ಳಿ ಮೂಸಿಸಿ ಎಂದು ಒಬ್ಬರು. ಗಾಳಿ ಬಿಡಿ ಎಂದು ಗಾಳಿಗೆ ಅಡ್ಡ ನಿಂತವರೊಬ್ಬರು. ಯಾರೋ ಒಬ್ಬ ಮುದುಕಪ್ಪ ತನ್ನ ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಯಲ್ಲಿ ಇಟ್ಟು ಬಿಗಿ ಹಿಡಿದ, ಫಿಟ್ಸ್ ಎಂದುಕೊಂಡಿದ್ದ. ನಾನು “ರಕ್ತ, ರಕ್ತ ಹೋಗಿದೆ” ಎನ್ನುತ್ತಿದ್ದೆ. ರಕ್ತ ಎಲ್ಲಿ ಎಂದು ಅವರೆಲ್ಲ ನೆಲ ನೋಡಿದರು. ನೆಲ ಒಣಗಿತ್ತು.

ಆಟೋದವನೊಬ್ಬ ಮಾತಾಡದೆ ಅವಳ ಕಾಲಿನ ಕಡೆ ಹಿಡಿದ. ಆಸ್ಪತ್ರೆ ತಲುಪುವವರೆಗೂ ಆ ಬೀಗದ ಕೈ ಅವಳ ಮುಷ್ಟಿಯಲ್ಲೇ ಇತ್ತು. ಆ ಮುದುಕಪ್ಪ ಅಂದು ತನ್ನ ಮನೆಯೊಳಗೆ ಹೇಗೆ ಹೋದನೋ.

ಎಮರ್ಜೆನ್ಸಿಯಲ್ಲಿ ಅವಳ ಬಿಪಿ ನೋಡಿದ ನರ್ಸು ಎರಡನೇ ಸಲ ನೋಡಿದಳು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಎರಡೂ ಕೈಗೆ ಸೂಜಿ, ಸಲೈನು, ರಕ್ತದ ಗುಂಪು ಕೇಳುವ ಚೀಟಿ. ನನ್ನನ್ನು ಹೊರಗೆ ನಿಲ್ಲಿಸಿದರು. ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮ, ದೊಡ್ಡಮ್ಮನ್ನ ಆಸ್ಪತ್ರೆಗೆ ಸೇರ್ಸಿದೀನಿ. ಹೊಟ್ಟೇಲಿ ರಕ್ತ ಹೋಗಿದೆ.”

ಹಿಂದೆ ಪಾತ್ರೆಗಳ ಸದ್ದು, ನಗು. ಅಮ್ಮ ಕೇಳಿದಳು, “ಇದ್ಯಾರೋ ಹೊಸ ದನಿ?”

“ನಂದೇ ಕಣಮ್ಮ.”

“ಆಟ ಆಡ್ಬೇಡ್ವೋ, ಮನೆ ತುಂಬಾ ಜನ. ನಮ್ಮಕ್ಕಂಗೆ ಫೋನ್ ಕೊಡು.”

“ಅಮ್ಮ, ನಂದೇ ದನಿ. ಇದು ನಂದೇ.”

ಅವಳು ನಂಬಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನನಗೆ ಮಾತ್ರ ಅಷ್ಟು ಹೊತ್ತೂ, ಇನ್ನು ಮುಂದೆ ನಾನು ಏನು ಹೇಳಿದರೂ ಯಾರೂ ನಂಬುವುದಿಲ್ಲ, ಅಥವಾ ನಂಬಬಾರದ್ದನ್ನು ಮಾತ್ರ ನಂಬುತ್ತಾರೆ ಎನಿಸಿತು. ಕೊನೆಗೆ ದೊಡ್ಡಪ್ಪ ಫೋನ್ ತೆಗೆದುಕೊಂಡು, “ಬರ್ತಿದೀನಿ” ಎಂದಷ್ಟೇ ಹೇಳಿ ಇಟ್ಟ.

ಆಮೇಲೆ ಗೈಡ್ ಸಾರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ, ಅವರ ದನಿಯನ್ನು ಕದ್ದದ್ದನ್ನೂ ಸೇರಿಸಿ. ಸಾರ್ ಒಂದು ಸಲವೂ ‘ಸೋ’ ಎನ್ನಲಿಲ್ಲ.

“ನಾಲ್ಕನೇ ಇಲೀನ ಥೀಸಿಸ್‌ನಲ್ಲಿ ಬರ್ದಿದೀಯಾ?”

“ಬರ್ದಿದೀನಿ ಸಾರ್.”

“ವಾಯ್ಸ್ ನೋಟ್‌ನಲ್ಲಿ?”

“ಇಲ್ಲ ಸಾರ್,” ಎಂದೆ. “ರಕ್ತ ಬೇಕಾದ್ರೆ ಹೇಳು, ನಮ್ಮ ಹುಡುಗರನ್ನ ಕಳಿಸ್ತೀನಿ,” ಎಂದು ಸಾರ್ ಫೋನ್ ಇಟ್ಟರು. ಅರ್ಧ ಗಂಟೆಯೊಳಗೆ ಮೂವರನ್ನು ಕಳಿಸಿಯೂಬಿಟ್ಟರು.

ಸ್ಥಿತಿ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಫಾರ್ಮಸಿ ಓದುವವನು ಎಂದು ಯಾರೋ ಹೇಳಿದ್ದರಿಂದ ಡಾಕ್ಟರು ನನ್ನನ್ನು ಒಳಗೆ ಕರೆದರು. ಕರೆಯದಿದ್ದರೆ ಚೆನ್ನಾಗಿತ್ತು. ಪರದೆಯ ಮೇಲೆ ಗುಲಾಬಿ ಬಣ್ಣದ, ಒದ್ದೆಯಾಗಿ ಹೊಳೆಯುವ ಮಡಿಕೆಗಳು. ನನಗೆ ಆ ಜಾಗ ಗೊತ್ತಿತ್ತು. ಸಣ್ಣ ಅಳತೆಯಲ್ಲಿ ಎಷ್ಟೋ ಸಲ ಗುಂಡುಸೂಜಿ ಚುಚ್ಚಿ ಹರಡಿದ್ದೆ. ಅಲ್ಲಲ್ಲಿ ಕೆಂಪು ಚುಕ್ಕೆ. ಕ್ಯಾಮೆರಾ ತಿರುಗಿತು, ಹೊಟ್ಟೆಯ ಕೆಳತುದಿಯಲ್ಲಿ ಬಿಳಿ ಅಂಚಿನ ಒಂದು ಗುಂಡಿ, ಅದರ ಮಧ್ಯೆ ಕಪ್ಪು ಹೆಪ್ಪು. ಹೆಪ್ಪಿನ ಪಕ್ಕದಿಂದ ದಾರದಷ್ಟು ಸಣ್ಣಗೆ ಕೆಂಪು ಇನ್ನೂ ಒಸರುತ್ತಿತ್ತು. ಬಿಚ್ಚಿ ನೋಡಿದ ಹೊಟ್ಟೆಗಳಲ್ಲಿ ಬದುಕಿದ್ದ ಒಂದನ್ನೂ ನಾನು ಅದುವರೆಗೆ ಕಂಡಿರಲಿಲ್ಲ. ಇದು ಉಸಿರಾಟಕ್ಕೆ ಏರಿ ಇಳಿಯುತ್ತಿತ್ತು. ಡಾಕ್ಟರು ಅಲ್ಲಿಗೆ ಔಷಧ ಚುಚ್ಚಿ, ಸಣ್ಣ ಕ್ಲಿಪ್ಪೊಂದನ್ನು ಹಾಕಿದರು. ಒಸರುವುದು ನಿಂತಿತು.

ಮಾರನೇ ದಿನ ವಾರ್ಡಿನಲ್ಲಿ ರೌಂಡ್ಸಿಗೆ ಬಂದ ಅದೇ ಡಾಕ್ಟರು ಕೇಳಿದರು, “ದಿನಕ್ಕೆ ಮೂರು ಮಾತ್ರೆ ನುಂಗೋಕೆ ಯಾರಮ್ಮ ಹೇಳಿದ್ದು?”

ದೊಡ್ಡಪ್ಪ ನನ್ನ ಪಕ್ಕ ನಿಂತಿದ್ದ. ಸೀಮಂತ ಮುಂದಕ್ಕೆ ಹಾಕಿ ಅಮ್ಮನೂ ಬಂದಿದ್ದಳು. ದೊಡ್ಡಮ್ಮ ಯಾರ ಮುಖವನ್ನೂ ನೋಡಲಿಲ್ಲ.

“ಯಾರೂ ಹೇಳಿಲ್ಲ ಸಾ. ನಂದೇ ತಲೆ.”

ಅಷ್ಟಕ್ಕೇ ಬಿಡಬಹುದಿತ್ತು. ಡಾಕ್ಟರು ಪೆನ್ನು ತೆಗೆದು ಬರೆಯತೊಡಗಿದ್ದರು. ನನ್ನ ಗಂಟಲಿನಲ್ಲಿ ಮೂರ್ನಾಲ್ಕು ಜನ ಎದ್ದು ನಿಂತಿದ್ದರು, ಯಾರನ್ನು ಬೇಕಾದರೂ ಕಳಿಸಬಹುದಿತ್ತು.

“ನಾನ್ ಹೇಳ್ದೆ ಸಾರ್,” ಎಂದೆ. “ಸೊಪ್ಪಿನ ರಸ ಕುಡಿದ್ರೆ ಎಷ್ಟು ಮಾತ್ರೆ ನುಂಗಿದ್ರೂ ಏನೂ ಆಗಲ್ಲ ಅಂತ.”

“ನೀವು ಓದ್ತಿರೋದು?”

“ಇದನ್ನೇ ಸಾರ್.”

ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಸೊಪ್ಪಿನ ಹೆಸರು, ಎಷ್ಟು ಲೋಟ, ಎಷ್ಟು ದಿನ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಸೊಪ್ಪೇ ಕೆಟ್ಟದ್ದೆಂದು ಹೇಳುವುದಕ್ಕೂ ಆಗುವುದಿಲ್ಲ, ಕಾಪಾಡಿತು ಎನ್ನುವುದಕ್ಕೂ ಆಗುವುದಿಲ್ಲ, ಮಾತ್ರೆಯದು ಮಾತ್ರ ಖಂಡಿತ ಎಂದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡಪ್ಪ ಫ್ಲಾಸ್ಕ್ ಎತ್ತಿಕೊಂಡು ಕಾಫಿ ತರಲು ಹೋದ. ಮೂರು ಲೋಟ ತಂದ. ನನ್ನದನ್ನು ನನ್ನ ಕೈಗೆ ಕೊಡಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಇಟ್ಟ.

ಐದನೇ ದಿನ ಬಿಟ್ಟರು. ಮಾತ್ರೆಯ ಚೀಟಿಯಲ್ಲಿ ಹೊಟ್ಟೆಗೆ ಎರಡು ಥರ ಬರೆದಿದ್ದರು, ರಕ್ತವಾಗಲು ಒಂದು. ನೋವಿಗೆ ಇನ್ನು ಆ ಜಾತಿಯ ಮಾತ್ರೆ ಮುಟ್ಟಲೇಬಾರದು ಎಂದು ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದರು. ಮಂಡಿಗೆ ಹಚ್ಚಲು ಮುಲಾಮು, ವ್ಯಾಯಾಮ, ತೂಕ ಇಳಿಸುವುದು, ನಿಲ್ಲುವುದನ್ನು ಕಡಿಮೆ ಮಾಡುವುದು. ಇಡ್ಲಿ ಹೋಟೆಲಿನವಳಿಗೆ ನಿಲ್ಲಬೇಡ ಎಂದರೆ ಏನರ್ಥ ಎಂದು ಯಾರೂ ಕೇಳಲಿಲ್ಲ.

ವಾರ್ಡು ಎರಡನೇ ಮಹಡಿಯಲ್ಲಿ. ಲಿಫ್ಟಿನ ಮುಂದೆ ಜನ ಸಾಲು ನಿಂತಿದ್ದರು. ದೊಡ್ಡಮ್ಮನಿಗೆ ಸಾಲಿನಲ್ಲಿ ಕಾಯುವ ಅಭ್ಯಾಸವಿಲ್ಲ. ಮೆಟ್ಟಿಲಿನಲ್ಲೇ ಹೋಗೋಣ ಎಂದಳು. ಅಮ್ಮನೂ ದೊಡ್ಡಪ್ಪನೂ ಚೀಲ ಹಿಡಿದು ಮುಂದೆ ಇಳಿದು ಹೋದರು. ನಾನು ಅವಳ ಪಕ್ಕ.

ಐದು ದಿನ ಮಾತ್ರೆಯಿಲ್ಲದೆ ಅವಳ ಮಂಡಿಗಳು ಎಚ್ಚರವಾಗಿದ್ದವು. ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. “ಅಮ್ಮಾ” ಎಂದಳು, ಹಲ್ಲು ಕಚ್ಚಿಕೊಂಡು, ಬಹಳ ಸಣ್ಣಗೆ. ಅದು ಯಾರ ನಕಲೂ ಅಲ್ಲ. ಎರಡನೆಯದಕ್ಕೆ ನನ್ನ ತೋಳನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಉಗುರು ಇಳಿಯಿತು. ನಾಲ್ಕು ಮೆಟ್ಟಿಲಿಗೆ ನಿಂತು, ಗೋಡೆಗೆ ಒರಗಿ, ಕಣ್ಣಿನಲ್ಲಿ ಬಂದ ನೀರನ್ನು ಮುಂಗೈಯಿಂದ ಒರೆಸಿದಳು.

“ಇದಕ್ಕೇನಾದ್ರೂ ಹೇಳ್ಲಾ,” ಎಂದಳು. “ನೀನ್ ಓದಿರೋದ್ರಲ್ಲಿ ಏನಾದ್ರೂ ಇರ್ಬೇಕಲ್ಲ.”

ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಹೇಳಿದರೂ ಮಾಡುವವಳು. ಅರಿಶಿನ ಎಂದರೆ ಅರಿಶಿನ ಕುಡಿಯುತ್ತಾಳೆ. ಕೀಲುನೋವಿಗೆ ಬಳಸುವ ಲಕ್ಕಿ ಸೊಪ್ಪು ಎಂದರೆ ಸೊಪ್ಪಿನವಳಿಗೆ ನಾಳೆಯೇ ಹೇಳಿ ಕಳಿಸುತ್ತಾಳೆ.

“ಗೊತ್ತಿಲ್ಲ ದೊಡ್ಡಮ್ಮ,” ಎಂದೆ.

ಅವಳು ತಲೆಯಾಡಿಸಿದಳು. ನನ್ನ ತೋಳನ್ನು ಬಿಡಲಿಲ್ಲ. ಕೆಳಗೆ ಇನ್ನೂ ಬಹಳ ಮೆಟ್ಟಿಲುಗಳಿದ್ದವು. ಮುಂದಿನದಕ್ಕೆ ಕಾಲು ಇಳಿಸಿದಳು.